ತಳದಲ್ಲಿ ಉಳಿದುಬಿಡುವ ಕರೆಂಟು

ಎರಡು ಪ್ಲಾಸ್ಟಿಕ್ಕುಗಳನ್ನು ಕರಗಿಸಿ ಒಂದು ಮಾಡುವುದು ನನ್ನ ಹೊಟ್ಟೆಪಾಡು. ಹುಟ್ಟಿದ್ದು ಇಂಡಿ ತಾಲ್ಲೂಕಿನ ಭೀಮಾ ದಂಡೆಯಲ್ಲಿ, ಮನೆ ಮಾಡಿರುವುದು ಪುಣೆ ಜಿಲ್ಲೆಯ ಭೋರ್‌ನಲ್ಲಿ, ಕೆಲಸ ಶಿರವಳ ಕಡೆಯ ಒಂದು ಕಾರ್ಖಾನೆಯ ಕಂಪೌಂಡಿಂಗ್ ಲೈನಿನ ಮೇಲೆ. ಹಾಪರ್‌ಗೆ ಪ್ಲಾಸ್ಟಿಕ್ಕಿನ ಕಾಳು, ಅಂದರೆ ದಾಣೆ, ಸುರಿಯುತ್ತೇವೆ. ಬಿಸಿ ಬ್ಯಾರೆಲ್ಲಿನೊಳಗೆ ಜೋಡಿ ಸ್ಕ್ರೂ ಅದನ್ನು ಕರಗಿಸಿ, ನಾದಿ, ಡೈಯಿಂದ ಎಳೆ ಎಳೆಯಾಗಿ ಹೊರಗೆ ತಳ್ಳುತ್ತದೆ. ನೀರಿನ ತೊಟ್ಟಿಯಲ್ಲಿ ತಣಿದ ಎಳೆ ಕಟರ್‌ಗೆ ಹೋಗಿ ಮತ್ತೆ ದಾಣೆಯಾಗುತ್ತದೆ. ನಮ್ಮಲ್ಲಿ ಬೆರೆಸುವುದಕ್ಕೆ ಬಹುತೇಕ ಕಾರಣ ಎರಡೇ: ಒಂದೋ ಬೆಲೆ ಇಳಿಸಬೇಕು, ಇಲ್ಲವೇ ಬಣ್ಣ ಕೂಡಿಸಬೇಕು. ಹಾಗಾಗಿ ಮಿಕ್ಸ್ ಮಾಲು ಎಂದೊಡನೆ ಗಿರಾಕಿಯ ಮುಖ ಸಿಂಡರಿಸುತ್ತದೆ.

ಆದರೆ ಬೆರೆಸಿದರೇ ಗುಣ ಹೆಚ್ಚುವ, ಶುದ್ಧವಾಗಿಟ್ಟರೆ ಒಂದು ಕೆಲಸಕ್ಕೆ ಒಗ್ಗದೇ ಹೋಗುವ ಪ್ಲಾಸ್ಟಿಕ್ ಒಂದಿದೆ. ಪಾಲಿವಿನೈಲಿಡಿನ್ ಫ್ಲೋರೈಡ್ ಎಂಬುದು ಅದರ ಪೂರ್ಣ ನಾಮಧೇಯ. ಧಂದೆಯಲ್ಲಿ ಪಿವಿಡಿಎಫ್. ಹೆಸರು ಕೇಳಿರದಿದ್ದರೂ ನೀವು ಅದನ್ನು ನೋಡಿರುತ್ತೀರಿ. ಹೊಸ ಕಟ್ಟಡಗಳ ಮುಂಭಾಗಕ್ಕೆ ಹೊಡೆಯುವ ಅಲ್ಯೂಮಿನಿಯಂ ಹಲಗೆಗಳ ಬಣ್ಣ ಹತ್ತಾರು ಬೇಸಿಗೆ ಕಂಡರೂ ಮಾಸದಿರುವುದು ಅದರಿಂದ. ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಯೊಳಗೆ ಪುಡಿಯನ್ನು ಲೋಹದ ಹಾಳೆಗೆ ಅಂಟಿಸಿ ಹಿಡಿದಿರುವುದೂ ಸಾಮಾನ್ಯವಾಗಿ ಅದೇ. ಪೇಟೆಯಲ್ಲಿ ಫ್ಲೋರೋಕಾರ್ಬನ್ ಎಂದು ಮಾರುವ ದುಬಾರಿ ಗಾಳದ ದಾರ ಕೂಡ ಪಿವಿಡಿಎಫ್ ಎಳೆಯೇ. ನೀರಿನಲ್ಲಿ ಅದು ಕಣ್ಣಿಗೆ ಕಾಣುವುದು ಕಷ್ಟ, ಮೀನಿಗೂ ಅಷ್ಟೇ. ಭಾರತದಲ್ಲಿ ಗುಜರಾತಿನ ದಹೇಜ್‌ನಲ್ಲಿ ಇದರ ಕಾರ್ಖಾನೆಯಿದೆ.

ಇದರ ಮಹಿಮೆ ಸರಪಳಿಯ ರಚನೆಯಲ್ಲಿದೆ. ಪಾಲಿಥೀನಿನಲ್ಲಿ ಇಂಗಾಲದ ಉದ್ದ ಬೆನ್ನೆಲುಬಿಗೆ ಎರಡೂ ಕಡೆ ಜಲಜನಕ ಅಂಟಿಕೊಂಡಿರುತ್ತದೆ, ಅಷ್ಟೇ. ಪಿವಿಡಿಎಫ್‌ನಲ್ಲಿ ಒಂದು ಇಂಗಾಲಕ್ಕೆ ಎರಡು ಜಲಜನಕ, ಅದರ ಪಕ್ಕದ್ದಕ್ಕೆ ಎರಡು ಫ್ಲೋರಿನ್, ಮತ್ತೆ ಜಲಜನಕ, ಮತ್ತೆ ಫ್ಲೋರಿನ್. ಫ್ಲೋರಿನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವ ಜಾತಿ. ಹೀಗಾಗಿ ಪ್ರತಿ ಜೋಡಿಗೂ ಒಂದು ಋಣ ಬದಿ, ಒಂದು ಧನ ಬದಿ ಹುಟ್ಟುತ್ತದೆ. ಕರಗಿಸಿ ಸುಮ್ಮನೆ ತಣಿಯಲು ಬಿಟ್ಟರೆ ಸರಪಳಿ ತಿರುಚಿಕೊಂಡು ಕೂರುತ್ತದೆ, ಈ ಕಡೆಯ ಋಣ ಆ ಕಡೆಯ ಧನ ಒಂದನ್ನೊಂದು ಹೊಡೆದುಹಾಕುತ್ತವೆ. ಇದಕ್ಕೆ ಆಲ್ಫಾ ರೂಪ ಎಂದು ಹೆಸರು. ಅದೇ ಹಾಳೆಯನ್ನು ಹದವಾದ ಬಿಸಿಯಲ್ಲಿ ನಾಲ್ಕೈದು ಪಟ್ಟು ಎಳೆದರೆ ಸರಪಳಿಗಳು ನೆಟ್ಟಗಾಗಿ ಫ್ಲೋರಿನ್‌ಗಳೆಲ್ಲ ಒಂದೇ ಮಗ್ಗುಲಿಗೆ ಬರುತ್ತವೆ. ಇದು ಬೀಟಾ. ಆಮೇಲೆ ಹಾಳೆಯ ಎರಡು ಮುಖಕ್ಕೂ ಲೋಹ ಬಳಿದು ಸಾವಿರಾರು ವೋಲ್ಟ್ ಹಾಯಿಸಿದರೆ ಎಲ್ಲ ಬೀಟಾ ಹರಳುಗಳೂ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ವೋಲ್ಟೇಜ್ ತೆಗೆದರೂ ಹಾಗೆಯೇ ನಿಲ್ಲುತ್ತವೆ. ಉಲ್ಟಾ ವೋಲ್ಟೇಜ್ ಕೊಟ್ಟರೆ ಮಾತ್ರ ಮಗ್ಗುಲು ಬದಲಿಸುತ್ತವೆ. ಹೀಗೆ ತಿರುಗಿಸಬಲ್ಲ, ತಿರುಗಿಸಿದ ಮೇಲೆ ಉಳಿಯಬಲ್ಲ ಗುಣವಿರುವುದಕ್ಕೆ ಫೆರೋಎಲೆಕ್ಟ್ರಿಕ್ ಎನ್ನುತ್ತಾರೆ.

ಈ ಗುಣ ಮೊದಲು ಸಿಕ್ಕಿದ್ದು ಪ್ಲಾಸ್ಟಿಕ್ಕಿನಲ್ಲಲ್ಲ. 1920ರ ಸುಮಾರಿಗೆ ಅಮೆರಿಕದ ಮಿನೆಸೋಟಾದಲ್ಲಿ ಜೋಸೆಫ್ ವಾಲಸೆಕ್ ಅದನ್ನು ರೋಶೆಲ್ ಲವಣದ ಹರಳಿನಲ್ಲಿ ಕಂಡ. ಒತ್ತಿದರೆ ವಿದ್ಯುತ್ ಹುಟ್ಟುವ ಪೀಜೋ ಗುಣ ಅದಕ್ಕೂ ಹಳೆಯದು, 1880ರಲ್ಲಿ ಕ್ಯೂರಿ ಸೋದರರು ತೋರಿಸಿದ್ದು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನ ಟಕ್ ಎಂಬ ಕಿಡಿ ಅದರದ್ದೇ, ಒಳಗಿರುವುದು ಪಿಂಗಾಣಿ ಜಾತಿಯ ತುಂಡು. ಬಗ್ಗುವ, ಹೊಲಿಯಬಹುದಾದ ಪ್ಲಾಸ್ಟಿಕ್ ಹಾಳೆಯಲ್ಲೂ ಇದು ಜೋರಾಗಿದೆ ಎಂದು 1969ರಲ್ಲಿ ಹೇಳಿದವರು ಜಪಾನಿನ ಹೇಜಿ ಕವಾಯಿ. ಬಲದ ಲೆಕ್ಕದಲ್ಲಿ ಪಿಂಗಾಣಿಯ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಪಿಂಗಾಣಿಯನ್ನು ಮಡಚಲಾಗದು.

ಇಷ್ಟು ಪೀಠಿಕೆ ಯಾಕೆಂದರೆ, ಈ ಒಂದೇ ಪ್ಲಾಸ್ಟಿಕ್ಕಿನಿಂದ ಜನ ಎರಡು ಕೆಲಸ ಕೇಳುತ್ತಿದ್ದಾರೆ: ವಿದ್ಯುತ್ತನ್ನು ಕೂಡಿಡು, ಅಲುಗಾಟದಿಂದ ವಿದ್ಯುತ್ ತೆಗೆದುಕೊಡು. ಓದುವಾಗ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಬೆರೆಸುವವನ ಜಾಗದಲ್ಲಿ ನಿಂತು ನೋಡಿದರೆ ಎರಡಕ್ಕೂ ಬೇಕಾದ ಗುಣ ಒಂದಕ್ಕೊಂದು ತದ್ವಿರುದ್ಧ.

ಭೋರ್‌ನವರಿಗೆ ಇದನ್ನು ಹೇಳಲು ನನಗೆ ಸಲೀಸಾದ ದಾರಿಯೆಂದರೆ ಭಾಟಘರ್ ಅಣೆಕಟ್ಟು. ವೇಳವಂಡಿ ನದಿಗೆ ಅಡ್ಡಲಾಗಿ 1928ರಲ್ಲಿ ಮುಗಿದ ಈ ಕಲ್ಲಿನ ಕಟ್ಟೆಗೆ ಲಾಯ್ಡ್ ಡ್ಯಾಂ ಎಂದೂ ಹೆಸರು. ಬಳಸಲು ಸಿಗುವ ನೀರು ಸುಮಾರು 23.5 ಟಿಎಂಸಿ. ಇಲ್ಲಿಂದ ಬಿಟ್ಟ ನೀರು ನೀರಾ ನದಿಗೆ ಸೇರಿ, ನರಸಿಂಗಪುರದ ಹತ್ತಿರ ಭೀಮೆಗೆ ಕೂಡಿ, ಕಾಲುವೆಗಳು ಕುಡಿದು ಉಳಿದರೆ ನಮ್ಮೂರ ದಂಡೆಗೂ ಬರಬೇಕು. ಪ್ರತಿ ಅಣೆಕಟ್ಟಿಗೂ ಬಳಸಬಹುದಾದ ನೀರು ಬೇರೆ, ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ಡೆಡ್ ಸ್ಟೋರೇಜ್ ಬೇರೆ. ತೂಬು ಪೂರಾ ತೆರೆದರೂ ಆ ತಳದ ನೀರು ಹೊರಗೆ ಬಾರದು. ಬೀಟಾ ಹಾಳೆಯಲ್ಲೂ ಹೀಗೆಯೇ ಒಂದು ತಳವಿದೆ. ವೋಲ್ಟೇಜ್ ಏರಿಸಿದಾಗ ಹಾಳೆ ತುಂಬುತ್ತದೆ. ಇಳಿಸಿದಾಗ ಮೇಲಿನ ಪಾಲಷ್ಟೇ ಹಿಂದಿರುಗುತ್ತದೆ, ದಿಕ್ಕು ಹಿಡಿದು ನಿಂತ ಹರಳುಗಳು ತಮ್ಮ ಪಾಲನ್ನು ಬಿಟ್ಟುಕೊಡುವುದಿಲ್ಲ. ಒಳ್ಳೆಯ ಫೆರೋಎಲೆಕ್ಟ್ರಿಕ್ ಹಾಳೆಯಲ್ಲಿ ಈ ತಳದ ಪಾಲು ಅರ್ಧಕ್ಕೂ ಹೆಚ್ಚಿರುವುದುಂಟು.

ಕೂಡಿಡುವವನಿಗೆ ಆ ತಳ ದಂಡ. ಅಲುಗಾಟದಿಂದ ವಿದ್ಯುತ್ ತೆಗೆಯುವವನಿಗೆ ಆ ತಳವೇ ಬಂಡವಾಳ. ಯಾಕೆಂದರೆ ಹಾಳೆಯೊಳಗೆ ಖಾಯಂ ಆಗಿ ನಿಂತ ಆ ದಿಕ್ಕು ಒತ್ತಿದಾಗ ಕೊಂಚ ಕದಲುವುದರಿಂದಲೇ ಮುಖದ ಮೇಲೆ ಕರೆಂಟು ಹುಟ್ಟುತ್ತದೆ. ತಳ ಬತ್ತಿದರೆ ಒತ್ತಿ ಪ್ರಯೋಜನವಿಲ್ಲ.

ಮೊದಲು ಕೂಡಿಡುವ ಮಾತು. ವಿದ್ಯುತ್ತನ್ನು ಕೂಡಿಡುವ ಹಾಳೆ ಎಂದರೆ ಕೆಪಾಸಿಟರ್. ಸೀಲಿಂಗ್ ಫ್ಯಾನಿನ ತಲೆಯಲ್ಲಿ ಕೂರುವ 2.5 ಮೈಕ್ರೋಫ್ಯಾರಡ್ ಡಬ್ಬಿಯನ್ನು ಒಡೆದರೆ ಲೋಹ ಬಳಿದ ಪಾಲಿಪ್ರೊಪಿಲೀನ್ ಹಾಳೆಯ ಸುರುಳಿ ಸಿಗುತ್ತದೆ. ಕುರುಕಲು ತಿಂಡಿಯ ಪ್ಯಾಕೆಟ್ಟಿನ ಹತ್ತಿರದ ಸಂಬಂಧಿ, ಅದಕ್ಕಿಂತ ಎಷ್ಟೋ ಶುದ್ಧ, ಎಷ್ಟೋ ತೆಳು. ಈ ಹಾಳೆಗೆ ಡೆಡ್ ಸ್ಟೋರೇಜ್ ಎಂಬುದೇ ಇಲ್ಲವೆನ್ನಬಹುದು, ಕೊಟ್ಟದ್ದನ್ನು ಬಹುತೇಕ ಪೂರಾ ಹಿಂದಿರುಗಿಸುತ್ತದೆ. ಆದರೆ ಅದರ ಹೊಟ್ಟೆ ಸಣ್ಣದು. ಹರಿದುಹೋಗುವ ಅಂಚಿನವರೆಗೆ ವೋಲ್ಟೇಜ್ ಏರಿಸಿದರೂ ಘನ ಸೆಂಟಿಮೀಟರಿಗೆ 5 ಜೂಲ್ ಸುಮಾರು. ಲಿಥಿಯಂ ಬ್ಯಾಟರಿ ಅಷ್ಟೇ ಜಾಗದಲ್ಲಿ 2000 ಜೂಲ್‌ಗೂ ಹೆಚ್ಚು ಹಿಡಿಯುತ್ತದೆ. ಹಾಗಾದರೆ ಕೆಪಾಸಿಟರ್ ಯಾಕೆ? ಬ್ಯಾಟರಿ ನಿಧಾನವಾಗಿ ಕೊಡುತ್ತದೆ. ಕೆಪಾಸಿಟರ್ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಪೂರ್ತಿ ಸುರಿಯುತ್ತದೆ. ಲಯ ತಪ್ಪಿ ಅದುರುವ ಹೃದಯಕ್ಕೆ ಆಸ್ಪತ್ರೆಯವರು ಕೊಡುವ ಶಾಕ್ 200 ಜೂಲ್ ಆಸುಪಾಸಿನದು, ಅದು ಕೆಲವೇ ಮಿಲಿಸೆಕೆಂಡುಗಳಲ್ಲಿ ಹೋಗಬೇಕು. ಎಲೆಕ್ಟ್ರಿಕ್ ಕಾರಿನ ಇನ್ವರ್ಟರಿಗೂ ಕೆಪಾಸಿಟರ್ ಇಲ್ಲದೆ ನಡೆಯದು.

ಪಿವಿಡಿಎಫ್ ಇಲ್ಲಿ ಆಸೆ ಹುಟ್ಟಿಸುತ್ತದೆ. ಹಾಳೆಯ ಹೊಟ್ಟೆ ಎಷ್ಟು ದೊಡ್ಡದೆಂದು ಹೇಳುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಪಾಲಿಪ್ರೊಪಿಲೀನಿನದು 2.2, ಇದರದು 10ಕ್ಕೂ ಮೇಲೆ. 2006ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಚೀಮಿಂಗ್ ಜಾಂಗ್ ಅವರ ತಂಡ ಇದೇ ಕುಟುಂಬದ ಪಾಲಿಮರ್‌ನಿಂದ ಘನ ಸೆಂಟಿಮೀಟರಿಗೆ 17 ಜೂಲ್ ಹೊರತೆಗೆದು ತೋರಿಸಿತು. ಅವರ ಉಪಾಯದ ತಿರುಳು ಇಷ್ಟು: ಸರಪಳಿಯ ನಡುನಡುವೆ ದಪ್ಪನೆಯ ಕ್ಲೋರಿನ್ ಇರುವ ಕೊಂಡಿ ಸೇರಿಸಿದರು. ಆ ಕೊಂಡಿ ಸರಪಳಿಗಳನ್ನು ಒತ್ತಾಗಿ ಜೋಡಿಸಿಕೊಳ್ಳಲು ಬಿಡದು. ದೊಡ್ಡ ದೊಡ್ಡ ಹರಳಿನ ಗುಂಪು ಒಡೆದು ಸಣ್ಣ ಸಣ್ಣ ಗುಂಪಾದರೆ ವೋಲ್ಟೇಜ್ ಇಳಿದಾಗ ಅವು ಹಿಡಿದ ದಿಕ್ಕನ್ನು ಬೇಗ ಬಿಡುತ್ತವೆ. ಅಂದರೆ ತೂಬನ್ನು ಕೆಳಗಿಳಿಸಿದರು.

ಆದರೆ ಸರಪಳಿಯೊಳಗೇ ಬೇರೆ ಕೊಂಡಿ ಕೂರಿಸುವುದು ರಾಸಾಯನಿಕ ಕಾರ್ಖಾನೆಯವರ ಕೆಲಸ, ದುಬಾರಿ. ನಮ್ಮ ದಾರಿ ಬೇರೆ. ಸಿದ್ಧವಾದ ಎರಡು ಪಾಲಿಮರ್ ತಂದು ಬೆರೆಸುವುದು.

ಬೆರೆಸಿದರೆ ಬೆರೆಯಬೇಕಲ್ಲ! ಗುಜರಿಯಿಂದ ಬಂದ ಪಾಲಿಥೀನನ್ನು ಪಾಲಿಪ್ರೊಪಿಲೀನಿನ ಜೊತೆ ಓಡಿಸಿ ನೋಡಿದವರಿಗೆ ಗೊತ್ತು, ಹೊರಬಂದ ಮಾಲು ಈರುಳ್ಳಿ ಸುಲಿದ ಹಾಗೆ ಪದರ ಬಿಡುತ್ತದೆ. ಎರಡೂ ಇಂಗಾಲ, ಜಲಜನಕದವೇ, ಆದರೂ ಕೂಡುವುದಿಲ್ಲ. 1940ರ ದಶಕದ ಆರಂಭದಲ್ಲಿ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಇದರ ಲೆಕ್ಕ ಹಾಕಿಕೊಟ್ಟರು. ಸಣ್ಣ ಅಣುಗಳು ಬೆರೆಯುವುದಕ್ಕೆ ಮುಖ್ಯ ಪ್ರೇರಣೆ ಚದುರಿಹೋಗುವ ಸ್ವಾತಂತ್ರ್ಯ. ಸಾವಿರಾರು ಕೊಂಡಿಗಳ ಉದ್ದ ಸರಪಳಿಗೆ ಆ ಸ್ವಾತಂತ್ರ್ಯ ತೀರಾ ಕಡಿಮೆ. ಹಾಗಾಗಿ ಎರಡು ಸರಪಳಿಗಳ ನಡುವೆ ಪರಸ್ಪರ ಸೆಳೆತವಿದ್ದರಷ್ಟೇ ಅವು ಕೂಡುತ್ತವೆ. ಫ್ಲೋರಿಗೆ 1974ರಲ್ಲಿ ನೊಬೆಲ್ ಬಂತು.

ಪಿವಿಡಿಎಫ್‌ಗೆ ಸೆಳೆತವಿರುವ ಜೋಡಿ ಒಂದಿದೆ, ಅದೂ ಅಗ್ಗದ್ದು: ಅಕ್ರಿಲಿಕ್. ಅಂಗಡಿಯ ಬೋರ್ಡಿನ ಗಾಜಿನಂಥ ಹಲಗೆ, ರಸಾಯನಶಾಸ್ತ್ರದವರ ಪಿಎಂಎಂಎ. ಅದರ ಆಮ್ಲಜನಕವೂ ಪಿವಿಡಿಎಫ್‌ನ ಜಲಜನಕವೂ ಒಂದನ್ನೊಂದು ಎಳೆಯುತ್ತವೆ, ಎರಡೂ ಅಣುಮಟ್ಟದಲ್ಲಿ ಕರಗಿ ಒಂದಾಗುತ್ತವೆ. ಅಕ್ರಿಲಿಕ್‌ಗೆ ಹರಳುಗಟ್ಟುವ ಗುಣವಿಲ್ಲ. ಅದು ನಡುವೆ ನುಗ್ಗಿ ಪಿವಿಡಿಎಫ್ ಹರಳುಗಳನ್ನು ಸಣ್ಣದಾಗಿಸುತ್ತದೆ. ಪ್ರಮಾಣವೂ ತಣಿಸುವ ಬಗೆಯೂ ಹದವಾಗಿದ್ದರೆ ಹಾಳೆಯನ್ನು ಎಳೆಯದೆಯೇ ಬೀಟಾ ರೂಪ ಮೂಡುವಂತೆ ಮಾಡುತ್ತದೆ. ಪ್ರಮಾಣ ಹೆಚ್ಚಿಸುತ್ತ ಹೋದರೆ ತಳದ ಪಾಲು ಇಳಿಯುತ್ತದೆ, ಸೋರಿಕೆ ಕಡಿಮೆಯಾಗುತ್ತದೆ, ಕೊನೆಗೆ ಹರಳೇ ಇಲ್ಲದ ಸಪ್ಪೆ ಹಾಳೆ ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ ಇದೇ ಜೋಡಿಯ ಮೇಲೆ, ಪಿವಿಡಿಎಫ್‌ನಲ್ಲಿ ಬೀಟಾ ಹುಟ್ಟಿಸುವ ಬೇರೆ ಬೇರೆ ವಿಧಾನಗಳ ಮೇಲೆ ಬಹಳ ಕೆಲಸ ಮಾಡಿದೆ. ಒಂದೇ ಪಾಲಿಮರ್ ಆದರೂ ಸಂಸ್ಕರಿಸುವ ಕ್ರಮ ಬದಲಾದರೆ ಗುಣ ಬದಲಾಗುತ್ತದೆ ಎಂಬುದು ಮಶೀನಿನ ಮುಂದೆ ನಿಲ್ಲುವವರಿಗೆ ಹೊಸದಲ್ಲ, ಆದರೆ ಎಷ್ಟು ಬದಲಾಗುತ್ತದೆ ಎಂದು ಅಳೆದು ಹೇಳಲು ಅಂಥವರೇ ಬೇಕು.

ಇಷ್ಟಾದರೂ ಫ್ಯಾನಿನ ಕೆಪಾಸಿಟರಿಗೆ ಪಿವಿಡಿಎಫ್ ಬರುವುದು ನನಗೆ ಅನುಮಾನ. ಮನೆಯ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಒಂದೇ ದಿಕ್ಕಿನಲ್ಲಿ ತುಂಬಿ ಖಾಲಿ ಮಾಡುವುದಾದರೆ ತಳ ಒಮ್ಮೆ ತುಂಬಿದ್ದು ತುಂಬಿಯೇ ಇರುತ್ತದೆ, ತಂಟೆಯಿಲ್ಲ. ದಿಕ್ಕು ತಿರುಗಿದಾಗಲೆಲ್ಲ ಆ ಹರಳುಗಳನ್ನೂ ಬಲವಂತವಾಗಿ ತಿರುಗಿಸಬೇಕು, ಆ ಶ್ರಮವೆಲ್ಲ ಶಾಖವಾಗುತ್ತದೆ. ಫ್ಯಾನ್ ತಂಪು ಕೊಡುವ ಮೊದಲೇ ಡಬ್ಬಿ ಬಿಸಿಯೇರಿ ಉಬ್ಬೀತು.

ಇನ್ನು ಅಲುಗಾಟದ ಬೆಳೆ. ಪತ್ರಿಕೆಗಳಿಗೆ ಇದೇ ಹೆಚ್ಚು ಇಷ್ಟ: ನಡೆದರೆ ಕರೆಂಟು, ರಸ್ತೆಯಡಿ ಹಾಳೆ ಹಾಸಿದರೆ ಕರೆಂಟು, ಮಳೆಹನಿ ಬಿದ್ದರೆ ಕರೆಂಟು. ನಮ್ಮ ಲೈನಿನಲ್ಲಿ ಜತ್ತ ಕಡೆಯ ಹುಡುಗನೊಬ್ಬ ಆಪರೇಟರ್ ಇದ್ದಾನೆ. ಅವನೊಮ್ಮೆ ಮೊಬೈಲಿನಲ್ಲಿ ಇಂಥದ್ದೇ ಸುದ್ದಿ ತೋರಿಸಿ, "ಕಾಕಾ, ಈ ನಡದ್ರ ಕರೆಂಟ್ ಬರೂ ಬೂಟ ನಮಗೂ ಸಿಗ್ತಾವೇನ್ರಿ?" ಎಂದ.

"ಸಿಕ್ರೂ ನಿನ್ನ ಮೊಬೈಲ್ ಚಾರ್ಜ್ ಆಗಾಂಗಿಲ್ಲ ತಮ್ಮಾ," ಎಂದೆ.

ಲೆಕ್ಕ ಹೀಗಿದೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ಪ್ಯಾರಡಿಸೊ ಅವರ ಬಳಗ 1990ರ ದಶಕದ ಕೊನೆಯಲ್ಲಿ ಬೂಟಿನ ಅಟ್ಟೆಗೆ ಹಲವು ಪದರ ಪಿವಿಡಿಎಫ್ ಕೂರಿಸಿ ನಡೆದಾಡಿಸಿತು. ಸಿಕ್ಕಿದ್ದು ಸರಾಸರಿ 1.3 ಮಿಲಿವಾಟ್. ಅದರಿಂದ ಇಂದಿನ ಒಂದು ಸಾಮಾನ್ಯ ಫೋನಿನ ಬ್ಯಾಟರಿ ತುಂಬಬೇಕಾದರೆ ಹಗಲು ರಾತ್ರಿ ನಿಲ್ಲದೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ನಡೆಯಬೇಕು. ಆಷಾಢದಲ್ಲಿ ಜ್ಞಾನೇಶ್ವರರ ಪಾಲಕಿ ನೀರಾ ನದಿ ದಾಟಿ ಪಂಢರಪುರದತ್ತ ಹೋಗುತ್ತದೆ. ಅದರ ಹಿಂದೆ ನಡೆಯುವ ಒಂದು ಲಕ್ಷ ವಾರಕರಿಗಳಿಗೆ ಇಂಥ ಅಟ್ಟೆ ತೊಡಿಸಿದಿರಿ ಎನ್ನಿ. ಎಲ್ಲ ಕೂಡಿಸಿದರೆ 130 ವಾಟ್, ಎರಡು ಸೀಲಿಂಗ್ ಫ್ಯಾನಿಗೆ ಆಗುವಷ್ಟು. ಭಾಟಘರ್‌ನ ವಿದ್ಯುತ್ ಘಟಕ 16 ಮೆಗಾವಾಟಿನದು. ಅಲುಗಾಟದಿಂದ ಊರಿಗೆ ಬೆಳಕು ಎಂಬ ಮಾತನ್ನು ಇನ್ನಾದರೂ ಬಿಡಬೇಕು.

ಹಾಗೆಂದು ಅದು ನಿರುಪಯೋಗಿಯಲ್ಲ. ಕರೆಂಟು ಅಲ್ಪವಾದರೂ ಅದರಲ್ಲಿ ಸುದ್ದಿಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ರಾಜಣ್ಣ ಅವರ ತಂಡ 2010ರ ದಶಕದಲ್ಲಿ ಬೆಂಗಳೂರಿನ ವೈದ್ಯರೊಡನೆ ಕೂಡಿ ಮೂಗಿನ ಹೊಳ್ಳೆಯ ಕೆಳಗಿಡುವ ಸಣ್ಣ ಪಿವಿಡಿಎಫ್ ಪಟ್ಟಿ ಮಾಡಿತು. ಉಸಿರು ಬಡಿದಾಗ ಪಟ್ಟಿ ಕದಲುತ್ತದೆ, ಉಸಿರಾಟದ ಗತಿ ತೆರೆಯ ಮೇಲೆ ಮೂಡುತ್ತದೆ. ಅದಕ್ಕಿಂತ ಹಿಂದೆ, 1986ರಲ್ಲಿ, ಹ್ಯಾಲಿ ಧೂಮಕೇತುವಿನ ಹತ್ತಿರ ಹಾದುಹೋದ ಸೋವಿಯತ್ ನೌಕೆಗಳಾದ ವೇಗಾ-1, ವೇಗಾ-2ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರ ಪಿವಿಡಿಎಫ್ ಹಾಳೆ ಇತ್ತು. ಶೀತಲ ಸಮರದ ನಡುವೆಯೂ ಅಮೆರಿಕದ ಉಪಕರಣ ಸೋವಿಯತ್ ನೌಕೆ ಹತ್ತಿತ್ತು ಎಂಬುದು ಇನ್ನೊಂದು ಸೋಜಿಗ. ಧೂಳಿನ ಕಣ ಹಾಳೆಯನ್ನು ತೂತು ಮಾಡಿದಾಗ ಅಷ್ಟು ಜಾಗದ ಹರಳುಗಳು ಇಲ್ಲವಾಗುತ್ತವೆ, ಆ ಕ್ಷಣ ಕರೆಂಟಿನ ಒಂದು ಮಿಡಿತ ಬರುತ್ತದೆ, ಎಣಿಸಿಕೊಳ್ಳುತ್ತ ಹೋಗಬಹುದು. ಹಾಳೆಗೆ ಹೊರಗಿನಿಂದ ವೋಲ್ಟೇಜ್ ಕೊಡಬೇಕಿಲ್ಲ. ತಳದ ದಾಸ್ತಾನಿನಿಂದಲೇ ಎಲ್ಲ ನಡೆಯಿತು.

ನಮಗೆ ಹತ್ತಿರದಲ್ಲೇ, ಪುಣೆಯ ಪಾಷಾಣ್ ಬಡಾವಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿ, ಆರ್. ಭೂಮಿಶಂಕರ್ ಅವರ ತಂಡ ಬೇರೆ ಬಗೆಯ ಬೆರಕೆ ಮಾಡುತ್ತದೆ. ಫಾಸ್ಫೋನಿಯಂ ಲವಣಗಳಂಥ ಸೀಸವಿಲ್ಲದ ಫೆರೋಎಲೆಕ್ಟ್ರಿಕ್ ಹರಳುಗಳನ್ನು ತಾವೇ ತಯಾರಿಸಿ, ಮೆತ್ತಗೆ ಬಗ್ಗುವ ಪಾಲಿಯೂರಿಥೇನಿನಂಥ ಪಾಲಿಮರ್‌ನಲ್ಲಿ ಹುದುಗಿಸುತ್ತಾರೆ. ಪಾಲಿಮರ್ ತಾನು ವಿದ್ಯುತ್ ಕೊಡಬೇಕಿಲ್ಲ, ಒತ್ತಡವನ್ನು ಹರಳಿಗೆ ತಲುಪಿಸಿದರೆ ಸಾಕು. ಗ್ಯಾಸ್ ಲೈಟರಿನ ಪಿಂಗಾಣಿಯಲ್ಲಿ ಸಾಮಾನ್ಯವಾಗಿ ಸೀಸವಿರುತ್ತದೆ ಎಂಬುದನ್ನು ನೆನೆದರೆ ಈ ದಾರಿಯ ಬೆಲೆ ತಿಳಿಯುತ್ತದೆ.

ಪ್ರಯೋಗಾಲಯದಿಂದ ಪೇಟೆಗೆ ಎಷ್ಟು ದೂರ ಎನ್ನುವಾಗ ನನಗೆ ಒಂದು ಹಳೆಯ ಮೊಕದ್ದಮೆ ನೆನಪಾಗುತ್ತದೆ. ಭೋರ್ ಇನ್ನೂ ಪಂತ ಸಚಿವರ ಸಂಸ್ಥಾನವಾಗಿದ್ದಾಗ ಇಲ್ಲಿ ಭೋರ್ ಇಂಡಸ್ಟ್ರೀಸ್ ಎಂಬ ಕಂಪನಿ ನೋಂದಣಿಯಾಗಿತ್ತು. ಮುಂದೆ ಪಿವಿಸಿ ಲೆದರ್ ಬಟ್ಟೆಗೆ ಹೆಸರಾದದ್ದು ಅದು. ಆ ಬಟ್ಟೆ ತಯಾರಿಸುವ ನಡುವೆ ಒಂದು ಕಚ್ಚಾ ಪಿವಿಸಿ ಹಾಳೆ ಹುಟ್ಟುತ್ತಿತ್ತು. ಅದಕ್ಕೂ ಅಬಕಾರಿ ಸುಂಕ ಕೊಡಿ ಎಂದರು ಅಧಿಕಾರಿಗಳು. 1989ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ನಿಂತಿತು. ಮಾರುಕಟ್ಟೆಯಲ್ಲಿ ಕೊಳ್ಳುವ ಮಾರುವ ರೂಪಕ್ಕೆ ಬಾರದ ಹಾಳೆ ಸರಕೇ ಅಲ್ಲ, ಸುಂಕವೂ ಇಲ್ಲ ಎಂದಿತು. ಇಂದು ಪ್ರಬಂಧಗಳಲ್ಲಿ ಬರುವ ನೂರಾರು ಫೆರೋಎಲೆಕ್ಟ್ರಿಕ್ ಬೆರಕೆಗಳಿಗೆ ಆ ಅಳತೆಗೋಲು ಹಿಡಿದರೆ ಹೆಚ್ಚಿನವಕ್ಕೆ ಸುಂಕ ಬೀಳಲಿಕ್ಕಿಲ್ಲ. ಅಂಗೈಯಗಲದ ಹಾಳೆಯನ್ನು ದ್ರಾವಕದಿಂದ ಗಾಜಿನ ಮೇಲೆ ಹೊಯ್ದು ಅಳೆಯುವುದು ಬೇರೆ, ಕಿಲೋಮೀಟರುಗಟ್ಟಲೆ ಸುರುಳಿಯನ್ನು ಒಂದೇ ದಪ್ಪದಲ್ಲಿ ಎಳೆಯುವುದು ಬೇರೆ.

ನಮ್ಮಂಥ ಲೈನಿನಲ್ಲಿ ಇದನ್ನು ಓಡಿಸಬಹುದೇ? ಕರಗಿಸಲು ಕಷ್ಟವಿಲ್ಲ, ಪಿವಿಡಿಎಫ್ 170 ಡಿಗ್ರಿ ಸುಮಾರಿಗೆ ಕರಗುತ್ತದೆ. ಆದರೆ ಹಿಂದಿನ ಪಾಳಿಯಲ್ಲಿ ಗ್ಲಾಸ್ ಫೈಬರ್ ತುಂಬಿದ ಮಾಲು ಓಡಿಸಿ, ಬ್ಯಾರೆಲ್ ಸರಿಯಾಗಿ ಪರ್ಜ್ ಮಾಡದೆ ಇದನ್ನು ಹಾಕಬಾರದು. ಹೆಚ್ಚು ಬಿಸಿಯಲ್ಲಿ ಗಾಜಿನ ಸಂಗ ಬಿದ್ದರೆ ಪಿವಿಡಿಎಫ್ ಒಡೆದು ಹೈಡ್ರೋಜನ್ ಫ್ಲೋರೈಡ್ ಹೊರಬರಬಹುದು, ಅದು ಜೀವಕ್ಕೆ ಅಪಾಯ. ಇನ್ನು ಕಸ. ಬಕೆಟ್ಟಿನಲ್ಲಿ ಒಂದು ಕಪ್ಪು ಚುಕ್ಕೆಯಿದ್ದರೆ ಗಿರಾಕಿ ಗೊಣಗಿ ಸುಮ್ಮನಾಗುತ್ತಾನೆ. ಐದು ಮೈಕ್ರಾನ್ ಹಾಳೆಯಲ್ಲಿ ಒಂದು ಮೈಕ್ರಾನ್ ಧೂಳಿದ್ದರೆ ವೋಲ್ಟೇಜ್ ಮೊದಲು ತೂತು ಕೊರೆಯುವುದು ಅಲ್ಲೇ.

ಮೇಲಾಗಿ ಫ್ಲೋರಿನ್‌ಗೇ ಈಗ ಕುತ್ತು. 2023ರ ಜನವರಿಯಲ್ಲಿ ಜರ್ಮನಿ, ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಕೂಡಿ ಪರಿಸರದಲ್ಲಿ ಕೊಳೆಯದೆ ಉಳಿಯುವ ಫ್ಲೋರಿನ್ ರಾಸಾಯನಿಕಗಳ ಇಡೀ ವರ್ಗಕ್ಕೆ ಯುರೋಪಿನಲ್ಲಿ ಕಡಿವಾಣ ಹಾಕಬೇಕೆಂದು ಪ್ರಸ್ತಾಪ ಇಟ್ಟವು. ಆ ವ್ಯಾಖ್ಯೆಯೊಳಗೆ ಪಿವಿಡಿಎಫ್ ಕೂಡ ಬೀಳುತ್ತದೆ. ಹಾಗಾಗಿ ಫ್ಲೋರಿನ್ ಇಲ್ಲದ ಫೆರೋಎಲೆಕ್ಟ್ರಿಕ್ ಪಾಲಿಮರ್ ಹುಡುಕುವವರು ಹಳೆಯದೊಂದನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ: ನೈಲಾನ್-11. ಇದರ ಮೂಲವಸ್ತು ಹರಳೆಣ್ಣೆ, ಅಂದರೆ ಔಡಲದ ಎಣ್ಣೆ. ಜಗತ್ತಿನ ಅತಿ ಹೆಚ್ಚು ಔಡಲ ಬೆಳೆಯುವ ದೇಶ ನಮ್ಮದೇ. ಬೆಸ ಸಂಖ್ಯೆಯ ನೈಲಾನುಗಳಲ್ಲಿ ವಿದ್ಯುತ್ತಿನ ಜೋಡಿಗಳು ಒಂದೇ ಮಗ್ಗುಲಿಗೆ ಕೂರುವಂತೆ ಮಾಡಬಹುದು, ಸಮ ಸಂಖ್ಯೆಯವುಗಳಲ್ಲಿ ಅವು ಒಂದನ್ನೊಂದು ಹೊಡೆದುಹಾಕುತ್ತವೆ. 1990ರ ದಶಕದಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದವರು ನೈಲಾನ್-11ನ್ನು ಪಿವಿಡಿಎಫ್ ಜೊತೆ ಪದರವಾಗಿಯೂ ಬೆರಕೆಯಾಗಿಯೂ ಸೇರಿಸಿ ನೋಡಿದ್ದರು.

ನನಗೆ ಕೈ ತುರಿಸುವುದು ಈ ಜೋಡಿಯ ಮೇಲೆಯೇ. ಅಕ್ರಿಲಿಕ್‌ನಷ್ಟು ಚೆನ್ನಾಗಿ ಇವೆರಡೂ ಕರಗಿ ಒಂದಾಗುವುದಿಲ್ಲ, ಒಂದರೊಳಗೊಂದು ಸಣ್ಣ ಸಣ್ಣ ತುಣುಕಾಗಿ ನಿಲ್ಲುತ್ತವೆ. ಆ ತುಣುಕಿನ ಗಾತ್ರವನ್ನು ಹಿಡಿತದಲ್ಲಿಡುವುದು ಸ್ಕ್ರೂ ಜೋಡಿಸುವವನ ಕಸುಬು. ತೊಡಕು ತೇವದ್ದು. ನೈಲಾನ್-6ರಷ್ಟಲ್ಲದಿದ್ದರೂ ನೈಲಾನ್-11 ಗಾಳಿಯ ನೀರು ಹೀರುತ್ತದೆ. ಒದ್ದೆ ದಾಣೆ ಬ್ಯಾರೆಲ್ಲಿನಲ್ಲಿ ನೊರೆಯೇಳುತ್ತದೆ, ಹಾಳೆಯಲ್ಲಿ ಉಳಿದ ನೀರು ಕರೆಂಟನ್ನು ಸೋರಿಸುತ್ತದೆ. ಜುಲೈ ತಿಂಗಳಲ್ಲಿ, ವರಂಧಾ ಘಾಟಿನ ಕಡೆಯಿಂದ ಮಳೆ ಬಿಡದೆ ಬಾರಿಸುವಾಗ ಭೋರ್ ಸುತ್ತಮುತ್ತ ಇದನ್ನು ಓಡಿಸ ಹೊರಟವರು ಹೊಸ ಸ್ಕ್ರೂ ಕೊಳ್ಳುವ ಮೊದಲು ಒಳ್ಳೆಯ ಡ್ರೈಯರ್ ಕೊಳ್ಳಲಿ.